ಎಲ್ಲಾ ತರದ ಸಂಗೀತವೂ ಇಷ್ಟ. ಆನ್‌ಲೈನ್‌ನಲ್ಲಿ ಹೊಸದನ್ನು ಹುಡುಕೋದು ಹೇಗೆ?

ನಿಮಗೆ ಹಿಂದೂಸ್ತಾನಿಯೂ ಬೇಕು, ರಾಕ್ ಕೂಡ ಬೇಕು, ಯಕ್ಷಗಾನದ ಪದವೂ ಬೇಕು. ಆ್ಯಪ್ ಮಾತ್ರ ಸುತ್ತಿ ಬಳಸಿ ಅವೇ ಹಾಡುಗಳನ್ನು ಕೊಡುತ್ತದೆ. ಏನು ಮಾಡಲಿ, ಇಂಥ ಕಲಸುಮೇಲೋಗರ ಅಭಿರುಚಿ ಸರಿಯಾ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಸುಲಭ. ಯಾರಪ್ಪನ ಗಂಟೂ ಹೋಗುವುದಿಲ್ಲ, ಕೇಳಿ.

ಇನ್ನು ಆ್ಯಪ್ ವಿಷಯ. ನೀವು ಈವರೆಗೆ ಏನು ಕೇಳಿದ್ದೀರಿ, ನಿಮ್ಮಂಥವರು ಏನು ಕೇಳಿದ್ದಾರೆ ಅನ್ನುವುದರ ಮೇಲೆಯೇ ಅದರ ಲೆಕ್ಕಾಚಾರ ಜಾಸ್ತಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಅಕೌಂಟ್. ಮಗಳ ಶಿಶುಗೀತೆಗಳ ದೆಸೆಯಿಂದ ಅದರ ಕಣ್ಣಲ್ಲಿ ನಾನಿನ್ನೂ ಎಲ್‌ಕೆಜಿ.

ಹಾಗಾಗಿ ನಾನು ಸಂಗೀತದ ಪ್ರಕಾರ ನೋಡಿ ಹುಡುಕುವುದನ್ನೇ ಬಿಟ್ಟೆ. ಒಂದು ವಾದ್ಯವನ್ನೋ ಒಬ್ಬ ಕಲಾವಿದರನ್ನೋ ಹಿಡಿದು ಅವರ ಹಿಂದೆ ಹೋಗುತ್ತೇನೆ. ಒಂದು ಉದಾಹರಣೆ ಹೇಳ್ತೀನಿ.

ಕದ್ರಿ ಗೋಪಾಲನಾಥರು ನಮಗೆಲ್ಲ ಗೊತ್ತು. ತಂದೆ ನಾಗಸ್ವರ ನುಡಿಸುತ್ತಿದ್ದವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಕೀಲಿ ಒತ್ತಿ ಬಿಡಿಬಿಡಿ ಸ್ವರ ಹೊರಡಿಸುವ ವಾದ್ಯ ಅದು, ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ ತೂಗಿಸುವುದಕ್ಕೆ, ಒಗ್ಗುವಂಥದ್ದಲ್ಲ. ವಾದ್ಯದಲ್ಲೇ ಒಂದಷ್ಟು ಬದಲಾವಣೆ ಮಾಡಿಕೊಂಡು ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನುಡಿಸಿದರು.

ಅವರ ಹೆಸರಿನ ಬೆನ್ನು ಹತ್ತಿದರೆ 2008ರ 'ಕಿನ್ಸ್‌ಮೆನ್' ಆಲ್ಬಂ ಸಿಗುತ್ತದೆ. ಜೊತೆಗಿರುವವರು ಅಮೆರಿಕದ ಜ್ಯಾಝ್ ಕಲಾವಿದ ರುದ್ರೇಶ್ ಮಹಂತಪ್ಪ. ಇಬ್ಬರದೂ ಆಲ್ಟೋ ಎಂಬ ಒಂದೇ ಬಗೆಯ ಸ್ಯಾಕ್ಸೋಫೋನ್. ಯಾರದು ಯಾವುದು ಅಂತ ಗುರುತಿಸೋದು ಒಂದು ಮಜಾ. ಸ್ವರ ಜಾರಿ, ತೂಗಿ ನಿಂತರೆ ಕದ್ರಿ. ಚೂರು ಒರಟಾಗಿ, ಮೂಲೆಮೂಲೆ ತಿರುಗಿ ಓಡಿದರೆ ಮಹಂತಪ್ಪ.

ಅಲ್ಲಿಂದ ಸ್ಯಾಕ್ಸೋಫೋನನ್ನೇ ಹಿಡಿದು ಹೊರಟರೆ ಇಥಿಯೋಪಿಯಾದ ಗೆಟಾಚೆವ್ ಮೆಕುರ್ಯಾ. ಯುದ್ಧಕ್ಕೆ ಹೊರಟ ವೀರರು ಕೂಗುವ 'ಶೆಲೆಲಾ' ಎಂಬ ಪದಗಳನ್ನು ಈತ ಸ್ಯಾಕ್ಸೋಫೋನಿಗೆ ತಂದ. ವೇದಿಕೆಗೆ ಸಿಂಹದ ಕೇಸರ ಹೊತ್ತು ಬರುತ್ತಿದ್ದನಂತೆ! ನಾದವೂ ಹಾಗೇ ಇದೆ. ಗಂಟಲು ಕಟ್ಟಿಕೊಂಡು ಕೂಗಿದ ಹಾಗೆ, ಒಂದೊಂದು ಸ್ವರವೂ ನಡುಗುತ್ತದೆ. ಫ್ರಾನ್ಸಿನಿಂದ ಬಂದ 'ಇಥಿಯೋಪಿಕ್ಸ್' ಮಾಲೆಯ 14ನೇ ಸಂಪುಟ ಪೂರ್ತಿ ಇವನದೇ. ಎಪ್ಪತ್ತು ದಾಟಿದ ಮೇಲೆ, 2006ರಲ್ಲಿ, ದಿ ಎಕ್ಸ್ ಎಂಬ ಡಚ್ ಪಂಕ್ ತಂಡದ ಜೊತೆ ಆಲ್ಬಂ ಮಾಡಿದ. ನೋಡಿ, ಮಂಗಳೂರು ಕಡೆಯಿಂದ ಹೊರಟು ಪಂಕ್ ರಾಕ್‌ಗೆ ಬಂದೆವು. ಯಾವ ಆ್ಯಪ್ ಈ ದಾರಿ ತೋರಿಸುತ್ತಿತ್ತು?

ಇಥಿಯೋಪಿಯಾದ ಸಂಗೀತ ನಮ್ಮ ಕಿವಿಗೆ ಅಷ್ಟೊಂದು ಪರಕೀಯ ಅನಿಸುವುದಿಲ್ಲ. ಅಲ್ಲಿ ಐದು ಸ್ವರಗಳ ಶ್ರೇಣಿಗಳೇ ಜಾಸ್ತಿ. 'ತಿಜಿತಾ' ಎಂಬ ಶ್ರೇಣಿಯ ಒಂದು ಬಗೆಯಲ್ಲಿ ಇರುವುದು ಸ ರಿ ಗ ಪ ದ, ಅಂದರೆ ನಮ್ಮ ಮೋಹನದ ಸ್ವರಗಳೇ. ಹಾಗಂತ ಅದು ಮೋಹನ ರಾಗ ಅಲ್ಲ. ನಮ್ಮ ಗಮಕ ಅಲ್ಲಿಲ್ಲ, ನಡೆಯೂ ಬೇರೆ.

ಹುಡುಕಾಟಕ್ಕೆ ನನಗೆ ಜಾಸ್ತಿ ಉಪಯೋಗ ಆಗುವುದು ಡಿಸ್ಕಾಗ್ಸ್ ಎಂಬ ಜಾಲತಾಣ. ಅದು ಹಾಡು ಕೇಳೋದಕ್ಕೆ ಅಂತ ಇರುವುದಲ್ಲ, ಆಲ್ಬಂಗಳ ವಿವರಗಳ ಪಟ್ಟಿ. ಆದರೆ ಒಂದು ಆಲ್ಬಂನಲ್ಲಿ ಯಾರು ಯಾವ ವಾದ್ಯ ನುಡಿಸಿದ್ದಾರೆ ಅಂತ ಇರುತ್ತದೆ, ಹೆಸರು ಒತ್ತಿದರೆ ಅವರ ಉಳಿದ ಆಲ್ಬಂಗಳು ಸಿಗುತ್ತವೆ. ಸುಮ್ನೆ ಕಾಲ ಕಳೆಯೋಕೆ ರೇಡಿಯೋ ಗಾರ್ಡನ್ ಚೆನ್ನಾಗಿದೆ. ಭೂಗೋಳ ತಿರುಗಿಸಿ ಚುಕ್ಕಿ ಮುಟ್ಟಿದರೆ ಆ ಊರಿನ ರೇಡಿಯೋ ಬರುತ್ತದೆ. ಜಾಹೀರಾತು, ಹರಟೆ ಎಲ್ಲ ಸಹಿಸಿಕೊಳ್ಳಬೇಕು ಅಷ್ಟೇ.

ಮೊದಲು ಕದ್ರಿಯವರ ಒಂದು ಪೂರ್ತಿ ಕಛೇರಿ ಕೇಳಿ, ಆಮೇಲೆ ಕಿನ್ಸ್‌ಮೆನ್, ಆಮೇಲೆ ಗೆಟಾಚೆವ್. ಮಧ್ಯದಲ್ಲೇ ಸ್ಯಾಕ್ಸೋಫೋನ್ ಸಾಕಪ್ಪಾ ಅನಿಸಿದರೆ ಬಲವಂತ ಬೇಡ. ಕಿನ್ಸ್‌ಮೆನ್‌ನಲ್ಲಿ ಪಿಟೀಲು ನುಡಿಸಿರುವವರು ಎ. ಕನ್ಯಾಕುಮಾರಿ. ಅವರ ಹೆಸರು ಒತ್ತಿ ಆ ಕಡೆ ಹೊರಡಿ.