ಕೌನ್ಸೆಲಿಂಗ್‌ಗೆ ಹೋದರೆ ಎಸ್‌ಆರ್‌ನಲ್ಲಿ (ಸೇವಾ ಪುಸ್ತಕದಲ್ಲಿ) ಬರುತ್ತಾ?

ಆಪ್ತ ಸಮಾಲೋಚನೆಗೆ ಹೋದದ್ದು ತಾನಾಗಿ ಎಸ್‌ಆರ್‌ಗೆ ಹೋಗಿ ಕೂರುವುದಿಲ್ಲ. (ನಮ್ಮ ಮೇಷ್ಟ್ರುಗಳಿಗೆ ಕೌನ್ಸೆಲಿಂಗ್ ಅಂದರೆ ವರ್ಗಾವಣೆಗೆ ಜಾಗ ಆರಿಸುವ ಕೌನ್ಸೆಲಿಂಗೇ ನೆನಪಾಗುವುದು, ಅಲ್ವಾ!) ಹೀಗೆ ಕೇಳಿದ ಶಿಕ್ಷಕರೇ, ಎರಡು ತಿಂಗಳಿಂದ ನಿದ್ದೆ ಇಲ್ಲ, ಹೆಡ್‌ಮಾಸ್ಟರಿಗೆ ಗೊತ್ತಾದರೆ ಎಂಬ ಭಯ ಅಂದಿದ್ದೀರಿ. ಸುದ್ದಿ ಸೋರುವುದು ಜಾಸ್ತಿ ನಾವೇ ಕೊಡುವ ಕಾಗದದಿಂದ. ನಾನು ಮೆಡಿಕಲ್ ಬಿಲ್ ಜೊತೆ ಮಾತ್ರೆ ಚೀಟಿ ಪಿನ್ ಮಾಡಿ ಕೊಟ್ಟೆ. ಮಧ್ಯಾಹ್ನದ ಟೀ ಹೊತ್ತಿಗೆ ಇಡೀ ಆಫೀಸಿಗೆ ಗೊತ್ತಾಗಿತ್ತು.

ಮೊದಲು 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ್ದೇ ಸಹಾಯವಾಣಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸ್ಟಾಫ್ ರೂಮಿನಿಂದ ಮಾತ್ರ ಬೇಡ.

ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ನಿದ್ದೆಗೆಡಿಸುತ್ತಿರುವುದು ಕೆಲಸದ ಒತ್ತಡವೋ ಥೈರಾಯ್ಡೋ ನಾನು ಹೇಳಲಾರೆ, ಅವರೇ ನೋಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ವಿಷಯ ಅವರು ಗುಟ್ಟಾಗಿಡಲೇಬೇಕು. ಜೀವಕ್ಕೆ ಅಪಾಯ, ಕೋರ್ಟ್ ಆದೇಶದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಹೋಗುವ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಿ. ಕಾರಣ ‘ವೈಯಕ್ತಿಕ’ ಅಂದರೆ ಸಾಕು, ಸುಮ್ನೆ ವಿವರ ಕೊಡಬೇಡಿ. ಸಣ್ಣಪುಟ್ಟ ಬಿಲ್ ಕ್ಲೇಮ್ ಮಾಡದೆ ಕೈಯಿಂದಲೇ ಕೊಟ್ಟುಬಿಡಿ. ಉದ್ದ ರಜೆ ಬೇಕಾದರೆ ಸರ್ಟಿಫಿಕೇಟಿನಲ್ಲಿ ಏನು ಬರೆಯುತ್ತಾರೆ ಅಂತ ಡಾಕ್ಟರನ್ನು ಮೊದಲೇ ಕೇಳಿ.

ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಗುಟ್ಟಿನ ಲೆಕ್ಕ ಬಿಡಿ. ಮನೆಯವರೊಬ್ಬರಿಗೆ ಹೇಳಿ, ಈಗಲೇ 14416ಕ್ಕೆ ಫೋನ್ ಮಾಡಿ.