ಪ್ರತಿಕ್ರಿಯೆ: ಐನ್ಯಾಚುರಲಿಸ್ಟಿಗೆ ನಿಜ ಹೆಸರು ಬೇಕಾ?

ತೀರ್ಥಹಳ್ಳಿ ಹತ್ತಿರದ ನಿಮ್ಮ ತೋಟದ ಕಪ್ಪೆ, ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಫೋಟೊಗಳನ್ನು ಐನ್ಯಾಚುರಲಿಸ್ಟ್ ಎಂಬ, ಕಂಡ ಗಿಡ-ಪ್ರಾಣಿಗಳನ್ನು ದಾಖಲಿಸುವ ಜಾಲತಾಣಕ್ಕೆ ಹಾಕಲು ನಿಜ ಹೆಸರೇ ಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಯೂಸರ್‌ನೇಮ್ ಸಾಕು. ಆದರೆ ಅದನ್ನು ಪದೇ ಪದೇ ಬದಲಿಸಬೇಡಿ, ನಿಮ್ಮ ಹಳೆಯ ದಾಖಲೆಗಳನ್ನು ನೋಡಿಯೇ ಬೇರೆಯವರಿಗೆ ನಂಬಿಕೆ ಬರುವುದು.

ನನ್ನ ಕೇಳಿದರೆ ಹೆಸರಿಗಿಂತ ಜಾಗ ಮುಚ್ಚುವುದು ಮುಖ್ಯ. ಮನೆ ಹಿಂದಿನ ಹಳ್ಳದ ಫೋಟೊಗಳೇ ಸಾಲಾಗಿ ಬಂದರೆ ನೀವು ಯಾರೆಂದು ಊರವರಿಗೆ ಗೊತ್ತಾಗದೆ ಇರುತ್ತಾ? ಫೋಟೊದ ಜಾಗ ಎಷ್ಟು ಕಾಣಬೇಕೆಂದು ಆರಿಸುವ ಜಿಯೋಪ್ರೈವೆಸಿ ಸೆಟ್ಟಿಂಗ್‌ನಲ್ಲಿ 'ಅಬ್ಸ್‌ಕ್ಯೂರ್ಡ್' (ಮಸುಕು) ಆರಿಸಿ. ಆಗ ಬೇರೆಯವರಿಗೆ ನಕ್ಷೆಯಲ್ಲಿ ಸುಮಾರು 22 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ಕಾಣುತ್ತದೆ, ತಾರೀಕಿನ ಬದಲು ತಿಂಗಳು ಮಾತ್ರ ಇರುತ್ತದೆ. ಸೀತಾಳೆಯನ್ನು ಮರದಿಂದ ಕಿತ್ತೊಯ್ಯುವವರಿದ್ದಾರಲ್ವಾ, ಅವರಿಗೂ ಜಾಗ ಸಿಗುವುದಿಲ್ಲ. ವಿವರಣೆಯಲ್ಲಿ ಮಾತ್ರ ತೋಟದ ಹೆಸರು ಬರೆಯಬೇಡಿ.