ಪಿಂಗಾಣಿಯ ಮೇಲಿನ ಬಾವಲಿ ಅಪಶಕುನವೇ?

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ಹಳೆಯ ಚೀನೀ ಪಿಂಗಾಣಿ ತಟ್ಟೆಯೊಂದಿದೆ. ನಡುವೆ ಗುಂಡಗಿನ ಅಕ್ಷರ, ಸುತ್ತ ಐದು ಕೆಂಪು ಬಾವಲಿ. ಅಪಶಕುನವೆಂದು ಅತ್ತೆ ಅಟ್ಟಕ್ಕೆ ಹಾಕಿಸಿದ್ದಾರೆ. ಅರ್ಥವೇನು? ತೊಳೆಯುವುದು ಹೇಗೆ?
– ಓದುಗರು, ಮೂಡಿಗೆರೆ

ಉತ್ತರ: ಧಾರಾಳವಾಗಿ ಕೆಳಗಿಳಿಸಿ. ಚೀನೀ ನುಡಿಯಲ್ಲಿ ಬಾವಲಿಯ ಹೆಸರಿನಲ್ಲಿರುವ ‘ಫು’ವಿಗೂ ಭಾಗ್ಯ ಎನ್ನುವ ‘ಫು’ವಿಗೂ ಉಚ್ಚಾರ ಒಂದೇ. ಈ ಚಿತ್ರಗಳನ್ನು ಕಣ್ಣಿಗಿಂತ ಕಿವಿಯಿಂದ ಓದಬೇಕು. ಐದು ಬಾವಲಿ ಎಂದರೆ ಐದು ಭಾಗ್ಯ: ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ, ಸದ್ಗುಣದ ಒಲವು, ತುಂಬು ಬಾಳಿನ ಕೊನೆಗೆ ಸುಖಮರಣ. ಕೆಂಪಿಗೆ ‘ಹೊಂಗ್’, ಅದೇ ಉಚ್ಚಾರದ ಇನ್ನೊಂದು ಪದಕ್ಕೆ ‘ಅಪಾರ’ ಎಂಬರ್ಥ. ನಡುವಿನ ಅಕ್ಷರ ಸಾಮಾನ್ಯವಾಗಿ ‘ಷೌ’, ಅಂದರೆ ಆಯುಸ್ಸು. ಹಳೇಬೀಡಿನ ಹಂಸದ ಸಾಲನ್ನು ಬಾತುಕೋಳಿ ಎಂದು ಎಣಿಸಿದಂತಾಯಿತು ಅತ್ತೆಯವರ ಭಯ!

ಅದು ಚಿಟ್ಟೆಯಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಹಣೆಯಲ್ಲಿ ಎರಡು ಮೀಸೆ ಇದ್ದರೆ ಚಿಟ್ಟೆ. ರೆಕ್ಕೆಯ ತುದಿ ಕೊಕ್ಕೆಯಂತೆ ಸುರುಳಿಯಾಗಿ, ಮೀಸೆ ಇಲ್ಲದಿದ್ದರೆ ಬಾವಲಿ.

ತೊಳೆಯಲು ಬೂದಿ, ಹುಣಸೆಹಣ್ಣು, ಪಾತ್ರೆಯ ಪುಡಿ ಯಾವುದೂ ಬೇಡ. ಕೆಂಪು, ಚಿನ್ನದ ಬಣ್ಣವನ್ನು ಮೆರುಗಿನ (ಗಾಜಿನಂಥ ಹೊರಪದರದ) ಮೇಲೆ ಬರೆದು ಕಡಿಮೆ ಶಾಖದಲ್ಲಿ ಎರಡನೇ ಸಲ ಸುಟ್ಟಿರುತ್ತಾರೆ. ಉಜ್ಜಿದರೆ ಸವೆಯುತ್ತದೆ, ಹುಳಿ ಬಿದ್ದರೆ ಮಂಕಾಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಬಣ್ಣವಿರುವಲ್ಲಿ ಹೊಳಪು ತುಂಡಾಗಿ ಕಾಣುತ್ತದೆ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚನೆ ನೀರಿಗೆ ಎರಡು ಹನಿ ಪಾತ್ರೆ ಸೋಪು ಬಿಟ್ಟು, ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಕೂದಲೆಳೆ ಬಿರುಕಿದ್ದರೆ ನೆನೆಹಾಕಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಸೇರಿದ ನೀರು ಬೇಗ ಆರದೆ ಕಂದು ಕಲೆ ಕೂರುತ್ತದೆ. ಅದನ್ನು ತೆಗೆಯಲು ಬ್ಲೀಚ್ ಹಾಕಿದರೆ ಒಳಗುಳಿದ ಉಪ್ಪು ಹರಳುಗಟ್ಟಿ ಮೆರುಗನ್ನೇ ಎಬ್ಬಿಸುತ್ತದೆ.

ಪ್ರಶ್ನೆ: ನೀಲಿ ಜಾಡಿಯ ಮೈತುಂಬ ಜೇಡರಬಲೆಯಂಥ ಗೆರೆ, ನಡುನಡುವೆ ಬಿಳಿ ಹೂವು. ಬಿರುಕು ಬಿಟ್ಟಿದೆಯೇ? ತಳದ ನಾಲ್ಕಕ್ಷರ ನೋಡಿದ ಅಂಗಡಿಯವರು ಚೀನಾದ ಕಾಂಗ್‌ಶಿ ದೊರೆಯ ಕಾಲದ್ದು ಎನ್ನುತ್ತಾರೆ.
– ಓದುಗರು, ಹಾಸನ

ಉತ್ತರ: ಉಗುರಿಗೆ ತಡೆಯದಿದ್ದರೆ, ಒಳಮೈಯಲ್ಲೂ ಕಾಣದಿದ್ದರೆ ಅದು ಚಿತ್ರವೇ. ಒಡೆಯುತ್ತಿರುವ ಮಂಜುಗಡ್ಡೆಯ ಮೇಲೆ ಉದುರಿದ ಪ್ಲಮ್ ಹೂವು: ಚಳಿ ಮುಗಿಯುವ ಮುನ್ನವೇ ಅರಳುವ ಮರ, ವಸಂತದ ಸೂಚನೆ.

ಕಾಂಗ್‌ಶಿ ಆಳಿದ್ದು 1662ರಿಂದ 1722ರವರೆಗೆ. 19ನೇ ಶತಮಾನದ ಕೊನೆಯ ಇಂಥ ಜಾಡಿಗಳ ತಳದಲ್ಲೂ ಅವನ ಹೆಸರಿನ ನಾಲ್ಕಕ್ಷರ ಮಾಮೂಲು. ಮುದ್ರೆ ನಂಬಿ ಹಣ ಕೊಡಬೇಡಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ: ನೀಲಿ ಒಂದೆಡೆ ದಟ್ಟ, ಒಂದೆಡೆ ತಿಳಿಯಾಗಿ ಕುಂಚದ ಜಾಡು ಕಂಡರೆ ಕೈಬರಹ, ಒಂದೇ ಸಮನೆ ಚುಕ್ಕೆಗಳ ಸಾಲು ಕಂಡರೆ ಅಚ್ಚು.